ವಸತಿಶಾಲೆಯ ಹಿರಿಯ ಹುಡುಗಿಯ ಮೇಲೆ ಮಗಳಿಗೆ ಅತಿಯಾದ ಮೋಹ: ಆಪ್ತಸಮಾಲೋಚಕಿಯೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಒಬ್ಬ ತಾಯಿ, ಹಾವೇರಿ ಜಿಲ್ಲೆ): ನಮಸ್ಕಾರ ಮೇಡಂ. ನನ್ನ ಮಗಳು ಬಾಲಕಿಯರ ವಸತಿಶಾಲೆಯಲ್ಲಿ ಏಳನೆಯ ತರಗತಿ ಓದುತ್ತಿದ್ದಾಳೆ. ಖೊಖೊ ತಂಡದ ನಾಯಕಿಯಾಗಿರುವ ಹತ್ತನೆಯ ತರಗತಿಯ ಹುಡುಗಿಯೊಬ್ಬಳೆಂದರೆ ಇವಳಿಗೆ ಪ್ರಾಣ. ನಾನು ಕಟ್ಟಿಕೊಟ್ಟ ಚಕ್ಕುಲಿ, ಶೇಂಗಾ ಉಂಡೆ ಮೊದಲು ಆ ಅಕ್ಕನಿಗೆ ಹೋಗುತ್ತವೆ. ದಸರಾ ರಜೆಗೆ ಬಂದಾಗಲೂ ಅವಳದೇ ಮಾತು, ಗಣಿತದ ನೋಟ್‌ಬುಕ್ಕಿನ ಕೊನೆಯ ಪುಟಗಳ ತುಂಬ ಅವಳದೇ ಹೆಸರು. ಕಳೆದ ಪಾಲಕರ ಸಭೆಯಲ್ಲಿ ಮೇಲ್ವಿಚಾರಕಿಯವರು ಎಲ್ಲರ ಎದುರಿಗೆ, ನಿಮ್ಮ ಹುಡುಗಿಗೆ ಹಿಡಿದಿರುವ ಹುಚ್ಚು ಬಿಡಿಸಿರಿ ಎಂದುಬಿಟ್ಟರು. ಅಂದಿನಿಂದ ಮಗಳು ಸರಿಯಾಗಿ ಊಟ ಮಾಡುತ್ತಿಲ್ಲವೆಂದು ಅವಳ ಗೆಳತಿಯರು ಹೇಳುತ್ತಾರೆ. ನಮ್ಮ ಮನೆಯವರು ಶಾಲೆ ಬಿಡಿಸೋಣ ಎನ್ನುತ್ತಿದ್ದಾರೆ. ಇದು ಕಾಯಿಲೆಯೇ?

ಉತ್ತರ: ನಮಸ್ಕಾರ. ಇದು ಕಾಯಿಲೆಯಲ್ಲ. ಊಟ ಬಿಟ್ಟಿರುವುದಕ್ಕೆ ಕಾರಣ ಮೋಹವಲ್ಲ, ಸಭೆಯಲ್ಲಾದ ಅವಮಾನ ಎಂದು ನೀವು ಬರೆದುದರಿಂದಲೇ ನನಗೆ ತೋರುತ್ತದೆ. ಆದ್ದರಿಂದ ಮೊದಲು ವಾಸಿಯಾಗಬೇಕಾದದ್ದು ಆ ಅವಮಾನ.

ಹತ್ತು ಹನ್ನೊಂದನೆಯ ವಯಸ್ಸಿಗೆ ಮನೆ ಬಿಟ್ಟು ಬಂದ ಹುಡುಗಿಗೆ ಬೆಳಗ್ಗೆ ಎಬ್ಬಿಸುವವರು, ಜಡೆ ಹಾಕುವವರು, ಜ್ವರ ಬಂದರೆ ಹಣೆ ಮುಟ್ಟಿ ನೋಡುವವರು ಏಕಾಏಕಿ ಇಲ್ಲವಾಗುತ್ತಾರೆ. ಆ ಜಾಗದಲ್ಲಿ ಮೂರು ವರ್ಷ ದೊಡ್ಡವಳಾದ, ಮೈದಾನದಲ್ಲಿ ಎಲ್ಲರೂ ತಿರುಗಿ ನೋಡುವಂತೆ ಓಡುವ, ಎಲ್ಲಕ್ಕಿಂತ ಮಿಗಿಲಾಗಿ ತನ್ನ ಹೆಸರು ಹಿಡಿದು ಕರೆಯುವ ಒಬ್ಬಳು ಕಂಡರೆ, ಮನೆಗೆ ಮೀಸಲಾಗಿದ್ದ ಅಕ್ಕರೆಯೂ ತಾನು ನಾಳೆ ಹೀಗಾಗಬೇಕೆಂಬ ಆಸೆಯೂ ಒಟ್ಟಾಗಿ ಅವಳತ್ತ ಹರಿಯುತ್ತವೆ. ಸಮವಯಸ್ಕರ ಸ್ನೇಹದಲ್ಲಿ ದಿನಕ್ಕೊಂದು ಜಗಳ, ದಿನಕ್ಕೊಂದು ರಾಜಿ ಇರುತ್ತದೆ. ಹಿರಿಯಳು ಸ್ವಲ್ಪ ದೂರದಲ್ಲಿಯೇ ಇರುವುದರಿಂದ ಅವಳಲ್ಲಿ ಕುಂದು ಕಾಣುವುದಿಲ್ಲ, ಮೋಹ ಬೆಳೆಯುತ್ತ ಹೋಗುತ್ತದೆ.

ಇದು ನಿಮ್ಮ ಮಗಳೊಬ್ಬಳ ಕಥೆಯೂ ಅಲ್ಲ. 19ನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ರೋಡೀನ್ (1885), ಸ್ಕಾಟ್ಲೆಂಡಿನ ಸೇಂಟ್ ಲಿಯೊನಾರ್ಡ್ಸ್ (1877) ಮೊದಲಾದ ಬಾಲಕಿಯರ ವಸತಿಶಾಲೆಗಳು ಹುಟ್ಟಿಕೊಂಡ ಕಾಲದಲ್ಲಿ, ಅಂಥ ಶಾಲೆಗಳಲ್ಲಿ ಕಿರಿಯರು ಆಟದ ನಾಯಕಿಯರ ಮೇಲೆ ಇಂಥ ಮೋಹ ಬೆಳೆಸಿಕೊಳ್ಳುವುದು ಎಷ್ಟು ಸಾಮಾನ್ಯವಾಗಿತ್ತೆಂದರೆ, ಅದಕ್ಕೆ ‘ರೇವ್’, ‘ಪ್ಯಾಶ್’ ಎಂಬ ಹೆಸರುಗಳೇ ಚಾಲ್ತಿಗೆ ಬಂದವು. ಹೂ ಕೊಡುವುದು, ಚೀಟಿ ಬರೆಯುವುದು, ಹಾಸಿಗೆ ಸರಿಪಡಿಸುವಂಥ ಸಣ್ಣ ಸೇವೆ ಮಾಡುವುದು ಅದರ ರೀತಿಯಾಗಿತ್ತು. 1898ರಲ್ಲಿ ಇಟಲಿಯ ಒಬಿಚಿ ಮತ್ತು ಮಾರ್ಕೆಸೀನಿ ಎಂಬ ಇಬ್ಬರು ತಮ್ಮ ದೇಶದ ಶಾಲೆಗಳಲ್ಲಿನ ಇಂಥ ಸ್ನೇಹಗಳನ್ನೇ ಕುರಿತು ಒಂದು ಪುಸ್ತಕ ಬರೆದರು. 20ನೆಯ ಶತಮಾನದ ಮೊದಲ ದಶಕಗಳ ಜಪಾನಿನ ಬಾಲಕಿಯರ ಪ್ರೌಢಶಾಲೆಗಳಲ್ಲಿ ಹಿರಿಯಳೊಬ್ಬಳು, ಕಿರಿಯಳೊಬ್ಬಳು ಜೋಡಿಯಾಗಿ ಪತ್ರ ಬರೆದುಕೊಳ್ಳುವ ‘ಎಸ್’ (ಇಂಗ್ಲಿಷಿನ ‘ಸಿಸ್ಟರ್’ ಪದದ ಮೊದಲಕ್ಷರ) ಸಂಬಂಧ ಪ್ರಸಿದ್ಧವಾಗಿತ್ತು. ಆಫ್ರಿಕಾದ ಲೆಸೊಥೊದ ಶಾಲಾ ಹುಡುಗಿಯರಲ್ಲಿ ಹಿರಿಯಳು ‘ಮಮ್ಮಿ’ಯಾಗಿ, ಕಿರಿಯಳು ‘ಬೇಬಿ’ಯಾಗಿ ಉಡುಗೊರೆ, ಬುದ್ಧಿಮಾತು ಹಂಚಿಕೊಳ್ಳುವ ಪದ್ಧತಿಯನ್ನು ಮಾನವಶಾಸ್ತ್ರಜ್ಞೆ ಜುಡಿತ್ ಗೇ 1970ರ ದಶಕದಲ್ಲಿ ದಾಖಲಿಸಿದರು.

ಇಂಗ್ಲೆಂಡಿನ ಚರಿತ್ರೆಯಲ್ಲಿ ನನ್ನನ್ನು ಹೆಚ್ಚು ಕಾಡುವ ಸಂಗತಿ ಇನ್ನೊಂದಿದೆ. ಆರಂಭದಲ್ಲಿ ಅಲ್ಲಿನ ಅನೇಕ ಅಧ್ಯಾಪಕಿಯರು ಇದನ್ನು ಸಹಿಸಿಕೊಂಡಿದ್ದರು. ಮೆಚ್ಚಿದವಳಿಗೆ ತಕ್ಕವಳಾಗಬೇಕೆಂದು ಹುಡುಗಿ ಸಂಯಮ ಕಲಿಯುತ್ತಾಳೆಂದು ಅದನ್ನು ಒಳ್ಳೆಯ ದಾರಿಗೆ ತಿರುಗಿಸುತ್ತಿದ್ದವರೂ ಇದ್ದರು. 20ನೆಯ ಶತಮಾನ ಮುಂದುವರಿದು, ಲೈಂಗಿಕತೆಯನ್ನು ರೋಗಗಳ ಪಟ್ಟಿಯಲ್ಲಿಟ್ಟು ನೋಡುವ ವೈದ್ಯಕೀಯ ಬರಹಗಳು ಹರಡಿದ ಮೇಲೆ ಅದೇ ಚೀಟಿ, ಅದೇ ಹೂವು ಅನುಮಾನಕ್ಕೆ ಗುರಿಯಾದವು. ಹುಡುಗಿಯರು ಬದಲಾಗಿರಲಿಲ್ಲ, ದೊಡ್ಡವರ ದೃಷ್ಟಿ ಬದಲಾಗಿತ್ತು. ನಿಮ್ಮ ಶಾಲೆಯ ಸಭೆಯಲ್ಲಿ ನಡೆದದ್ದೂ ಅದೇ ಜಾತಿಯದು.

ಮಗಳನ್ನು ಮುಂದಿನ ಭಾನುವಾರ ಕಾಣಲು ಹೋದಾಗ ನೋಟ್‌ಬುಕ್ಕಿನ ವಿಷಯ ಎತ್ತಬೇಡಿ. ಆ ಅಕ್ಕ ಹೇಗೆ ಆಡುತ್ತಾಳೆ, ಅವಳಲ್ಲಿ ನಿನಗೆ ಏನು ಇಷ್ಟ ಎಂದು ನಿಜವಾದ ಕುತೂಹಲದಿಂದ ಕೇಳಿ. ಸಭೆಯಲ್ಲಿ ಆದದ್ದು ತಪ್ಪು, ಅದಕ್ಕೆ ನೀನು ತಲೆ ತಗ್ಗಿಸಬೇಕಾಗಿಲ್ಲ ಎಂದು ಬಾಯಿಬಿಟ್ಟು ಹೇಳಿ. ಅವಳು ಅದನ್ನು ನಿಮ್ಮ ಬಾಯಿಂದಲೇ ಕೇಳಬೇಕು. ಅದಾದ ಮೇಲೂ ಊಟ ಸರಿಹೋಗದಿದ್ದರೆ ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಿ.

ಪ್ರಶ್ನೆ (ವಸತಿನಿಲಯದ ಮೇಲ್ವಿಚಾರಕಿ, ಬೇರೆ ಜಿಲ್ಲೆಯವರು): ಮೇಡಂ, ನಮ್ಮ ಕಷ್ಟವನ್ನೂ ಕೇಳಿರಿ. ನೂರು ಮಕ್ಕಳಿಗೆ ನಾನೊಬ್ಬಳು. ಸುಮ್ಮನಿದ್ದರೆ ಕಿರಿಯರು ಹಿರಿಯರ ಬಟ್ಟೆ ಒಗೆಯುತ್ತಾರೆ, ಬಕೆಟ್ಟಿಗೆ ನೀರು ತುಂಬಿಸಿಡುತ್ತಾರೆ. ಎಲ್ಲಿ ತಡೆಯಬೇಕು?

ಉತ್ತರ: ನಿಮ್ಮ ಕೆಲಸದ ಭಾರ ನನಗೆ ಗೊತ್ತಿದೆ. ಮೋಹದ ಮೇಲೆ ಕಣ್ಣಿಡುವ ಬದಲು ಹಿರಿಯಳ ಕೈಯಲ್ಲಿರುವ ಅಧಿಕಾರದ ಮೇಲೆ ಕಣ್ಣಿಡಿ. ಇಷ್ಟಪಟ್ಟು ಒಮ್ಮೆ ನೀರು ತುಂಬಿಸಿಡುವುದು ಒಂದು, ತುಂಬಿಸಿಡದಿದ್ದರೆ ಮಾತು ಬಿಡುತ್ತೇನೆ ಎನ್ನುವುದು ಇನ್ನೊಂದು. ಬಟ್ಟೆ ಒಗೆಯುವುದು, ತಟ್ಟೆ ತೊಳೆಯುವುದು, ಹಣ ಕೊಡುವುದು ಇವನ್ನು ಯಾರ ಹೆಸರನ್ನೂ ಎತ್ತದೆ ಇಡೀ ನಿಲಯಕ್ಕೆ ಅನ್ವಯಿಸುವ ನಿಯಮವಾಗಿ ನಿಲ್ಲಿಸಿ. ಹಿರಿಯಳನ್ನು ಒಬ್ಬಳನ್ನೇ ಕರೆದು, ಗದರಿಸದೆ ಮಾತನಾಡಿ: ಈ ಮಗು ನಿನ್ನನ್ನು ಬಹಳ ಮೆಚ್ಚಿದೆ, ಅವಳನ್ನು ನಗೆಪಾಟಲು ಮಾಡಬೇಡ, ಅವಳ ತರಗತಿಯ ಗೆಳತಿಯರೊಂದಿಗೂ ಆಡಲು ಹೇಳು ಎಂದು ತಿಳಿಸಿ. ಹದಿನೈದರ ಹುಡುಗಿಯರು ಈ ಜವಾಬ್ದಾರಿಯನ್ನು ನಾವು ಎಣಿಸುವುದಕ್ಕಿಂತ ಚೆನ್ನಾಗಿ ಹೊರುತ್ತಾರೆ. ಹಿರಿಯಳ ಮೇಲೆ ಅನುಮಾನಪಟ್ಟರೆ ಅವಳೂ ನೋಯುತ್ತಾಳೆ ಎಂಬುದನ್ನು ಮರೆಯುವವರೇ ಹೆಚ್ಚು.

ಕಿರಿಯಳು ಓದು, ಆಟ, ಉಳಿದ ಗೆಳತಿಯರನ್ನೆಲ್ಲ ಬಿಟ್ಟು ಒಬ್ಬಳಿಗಾಗಿಯೇ ಕಾಯುತ್ತಿದ್ದರೆ ಗಮನ ಕೊಡಬೇಕು. ಯಾರಿಗೂ ಹೇಳಬೇಡ ಎಂಬ ಗುಟ್ಟು, ಬೆದರಿಕೆ, ಮೈಮುಟ್ಟುವ ಒತ್ತಾಯ ಇವುಗಳ ಸುಳಿವು ಸಿಕ್ಕರೆ ಅದು ಮೋಹದ ಮಾತಲ್ಲ, ಮಗುವಿನ ಸುರಕ್ಷತೆಯ ಮಾತು. ಅಂಥದ್ದನ್ನು ನಿಲಯದೊಳಗೇ ಮುಚ್ಚಿಹಾಕುವಂತಿಲ್ಲ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆ ಹುಡುಗಿಯರ ನಡುವಿನ ದೌರ್ಜನ್ಯಕ್ಕೂ ಅನ್ವಯಿಸುತ್ತದೆ, ಮಕ್ಕಳ ಸಹಾಯವಾಣಿ 1098 ಇದೆ. ಆದರೆ ಈ ಭಯವೊಂದನ್ನೇ ಮುಂದಿಟ್ಟುಕೊಂಡು ಪ್ರತಿಯೊಂದು ಚೀಟಿಯನ್ನೂ ಅಪರಾಧದ ಸಾಕ್ಷಿಯಂತೆ ಓದಿದರೆ, ನಿಜವಾಗಿ ತೊಂದರೆಯಲ್ಲಿರುವ ಮಗು ನಿಮ್ಮ ಬಳಿ ಬರುವುದೇ ಇಲ್ಲ.

ಪ್ರಶ್ನೆ (ಅದೇ ತಾಯಿ): ಭಾನುವಾರ ಹೋಗಿದ್ದೆ ಮೇಡಂ. ಅತ್ತಳು, ಆಮೇಲೆ ನಾನು ಒಯ್ದಿದ್ದ ರೊಟ್ಟಿ ತಿಂದಳು. ಕೇಳಲು ಸಂಕೋಚವಾಗುತ್ತದೆ, ಆದರೂ ಕೇಳುತ್ತೇನೆ. ದೊಡ್ಡವಳಾದ ಮೇಲೂ ಅವಳಿಗೆ ಹುಡುಗಿಯರೇ ಇಷ್ಟವಾದರೆ? ಎಸ್ಸೆಸ್ಸೆಲ್ಸಿ ಮುಗಿಸಿ ಆ ಹುಡುಗಿ ಹೊರಟುಹೋದಾಗ ಇವಳನ್ನು ಹೇಗೆ ಸಂಭಾಳಿಸಲಿ?

ಉತ್ತರ: ಸಂಕೋಚ ಬೇಡ, ಕೇಳಿದ್ದು ಒಳ್ಳೆಯದಾಯಿತು. ಏಳನೆಯ ತರಗತಿಯ ಮೋಹವನ್ನು ನೋಡಿ ಮುಂದಿನದನ್ನು ಯಾರೂ ಹೇಳಲಾರರು. ಅನೇಕರಲ್ಲಿ ಇದು ತಾನಾಗಿ ತಿಳಿಯಾದ ಸ್ನೇಹವಾಗಿ ಉಳಿಯುತ್ತದೆ; ಕೆಲವರಿಗೆ ತಮ್ಮ ಒಲವು ಯಾವ ಕಡೆಗೆ ಎಂಬುದರ ಮೊದಲ ಅರಿವು ಇಂಥಲ್ಲಿಯೇ ಆಗಿರಬಹುದು. ಎರಡೂ ಕಾಯಿಲೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿಯೇ ಸಲಿಂಗ ಒಲವನ್ನು ರೋಗಗಳ ಪಟ್ಟಿಯಿಂದ ತೆಗೆಯಿತು. ವಯಸ್ಕರು ಪರಸ್ಪರ ಒಪ್ಪಿ ಹೊಂದುವ ಸಲಿಂಗ ಸಂಬಂಧ ಅಪರಾಧವಲ್ಲವೆಂದು ನಮ್ಮ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ತೀರ್ಪು ಕೊಟ್ಟಿತು. ಒಲವನ್ನು ಬದಲಿಸಿಕೊಡುತ್ತೇವೆ ಎನ್ನುವವರ ಬಳಿಗೆ ದಯವಿಟ್ಟು ಮಗಳನ್ನು ಕರೆದೊಯ್ಯಬೇಡಿ; 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಅದನ್ನು ವೈದ್ಯರ ವೃತ್ತಿ ದುರ್ನಡತೆಯೆಂದು ಘೋಷಿಸಿದೆ.

ಆ ಹುಡುಗಿ ಹೊರಡುವ ದಿನ ನಿಮ್ಮ ಮಗಳಿಗೆ ನಿಜವಾದ ಅಗಲಿಕೆಯೇ ಆಗಿರುತ್ತದೆ. ಇಷ್ಟಕ್ಕೆಲ್ಲ ಅಳುತ್ತಾರೆಯೇ ಎಂದು ಮನೆಯಲ್ಲಿ ಯಾರೂ ಅನ್ನದಂತೆ ನೋಡಿಕೊಳ್ಳಿ. ಆಟೋಗ್ರಾಫ್ ಪುಸ್ತಕದಲ್ಲಿ ಬರೆಸಿಕೊಳ್ಳಲಿ, ಆ ಮನೆಯವರು ಒಪ್ಪಿದರೆ ವಿಳಾಸ ಪಡೆದು ಪತ್ರ ಬರೆಯಲಿ. ಬೇಸಿಗೆ ರಜೆಯ ಮೊದಲ ವಾರ ಅವಳನ್ನು ಒಂಟಿಯಾಗಿ ಬಿಡಬೇಡಿ, ಅಜ್ಜಿಯ ಮನೆಗೋ ಚಿಕ್ಕಮ್ಮನ ಮಕ್ಕಳ ಜೊತೆಗೋ ಕಳಿಸಿ. ಖೊಖೊ ಕಲಿಯುವ ಆಸೆ ಅವಳಿಗಿದ್ದರೆ ಮುಂದಿನ ವರ್ಷದ ತಂಡಕ್ಕೆ ಸೇರಿಸಿಕೊಳ್ಳುವಂತೆ ದೈಹಿಕ ಶಿಕ್ಷಕಿಯವರನ್ನು ಈಗಲೇ ಕೇಳಿ. ಶಾಲೆ ಬಿಡಿಸುವ ಮಾತನ್ನು ವಾರ್ಷಿಕ ಪರೀಕ್ಷೆ ಮುಗಿಯುವವರೆಗೆ ಎತ್ತಬೇಡಿರೆಂದು ನಿಮ್ಮ ಮನೆಯವರಿಗೆ ಹೇಳಿ. ಅವರು ಒಪ್ಪದಿದ್ದರೆ ಮುಂದಿನ ಸಲ ಇಬ್ಬರೂ ಒಟ್ಟಿಗೆ ಬನ್ನಿ, ಅವರೊಂದಿಗೂ ನಾನು ಮಾತನಾಡುತ್ತೇನೆ.