ಬ್ಲಡ್ ವಿಸ್ಕಾಸಿಟಿ ಮಿಷನ್ ಡೆಮೊಗೆ ಬಂದಿದೆ, ಏನೇನ್ ಚೆಕ್ ಮಾಡ್ಬೇಕು?

ತುಮಕೂರು_ಲ್ಯಾಬ್:
ಎಲ್ರಿಗೂ ನಮಸ್ಕಾರ. ರಕ್ತ ಎಷ್ಟು ಮಂದ ಇದೆ ಅಂತ ಅಳೆಯೋ ಹೊಸ ಮಿಷನ್ ಒಂದನ್ನ ಕಂಪನಿಯವ್ರು ನಮ್ ಲ್ಯಾಬಲ್ಲಿ ಡೆಮೊಗೆ ಇಟ್ಟಿದಾರೆ. ಅವ್ರೇ ತಂದಿದ್ದ ಗ್ಲಿಸರಿನ್ ನೀರು ಹಾಕಿ ತೋರಿಸಿದ್ರು ರೀಡಿಂಗ್ ಪಕ್ಕಾ ಬಂತು, ಹಳೇ ಮಿಷನ್ ಜೊತೆ ಹೋಲಿಸಿ ನೆಟ್ಟಗಿರೋ ಒಂದು ಗ್ರಾಫೂ ಕೊಟ್ರು. ನಮ್ ಡಾಕ್ಟ್ರು ತಗೊಂಬಿಡೋಣ ಅಂತಾರೆ, ನಂಗ್ಯಾಕೋ ಸಮಾಧಾನ ಇಲ್ಲ.

ಕೆಂಪುಕಣ:
ಗ್ಲಿಸರಿನ್ನಲ್ಲಿ ಯಾವ್ ಮಿಷನ್ ಆದ್ರೂ ಪಾಸ್ ಆಗುತ್ತೆ ಸಾರ್, ಅದು ಎಷ್ಟ್ ಜೋರಾಗಿ ಹರಿದ್ರೂ ಅಷ್ಟೇ ಮಂದ. ರಕ್ತ ಹಂಗಲ್ಲ, ನಿಧಾನಕ್ಕೆ ಹರಿದಾಗ ಕೆಂಪು ಕಣಗಳು ನಾಣ್ಯ ಪೇರಿಸಿದಂಗೆ ಅಂಟ್ಕೊಳ್ತವೆ, ಫೈಬ್ರಿನೋಜನ್ (ರಕ್ತ ಹೆಪ್ಪುಗಟ್ಟಿಸೋ ಪ್ರೋಟೀನು) ಜಾಸ್ತಿ ಇದ್ರೆ ಕೇಳೋದೇ ಬೇಡ, ಜೋರಾಗಿ ಹರಿದ್ರೆ ಬಿಡಿಬಿಡಿಯಾಗಿ ತೆಳ್ಳಗಾಗುತ್ತೆ. 37 ಡಿಗ್ರಿಲಿ ಶಿಯರ್ ರೇಟ್ (ಹರಿಯೋವಾಗ ಪದರಗಳು ಒಂದರ ಮೇಲೊಂದು ಎಷ್ಟು ಜೋರಾಗಿ ಜಾರ್ತವೆ ಅನ್ನೋ ಲೆಕ್ಕ) ಸೆಕೆಂಡಿಗೆ 200 ಇದ್ರೆ ನಾರ್ಮಲ್ ರಕ್ತ ಸುಮಾರು 4 ಸೆಂಟಿಪಾಯ್ಸ್ (ಮಂದ ಅಳೆಯೋ ಮಾನ), ಅದೇ 1ಕ್ಕೆ ಇಳಿಸಿ ನೋಡಿ, ಎಷ್ಟೋ ಪಟ್ಟು ಏರುತ್ತೆ. ಯಾವ ಶಿಯರ್ ರೇಟಲ್ಲಿ ಅಳೆದಿದ್ದು ಅಂತ ಬರೀದೆ ಬರೀ ನಂಬರ್ ಕೊಟ್ರೆ ಅದು ರಿಪೋರ್ಟೇ ಅಲ್ಲ.

ಇನ್ನು ಆ ಗ್ರಾಫು. ಹೊಸದು ಪ್ರತೀ ಸಲ 1 ಜಾಸ್ತಿ ತೋರಿಸಿದ್ರೂ ಗೆರೆ ನೆಟ್ಟಗೇ ಬರುತ್ತೆ. ಎರಡೂ ಮಿಷನ್ನಿನ ವ್ಯತ್ಯಾಸ ತೆಗೆದು ಬ್ಲಾಂಡ್-ಆಲ್ಟ್‌ಮನ್ ಪ್ಲಾಟ್ (ಎರಡರ ಸರಾಸರಿ ಎದುರು ವ್ಯತ್ಯಾಸ ತೋರಿಸೋ ಗ್ರಾಫು) ಹಾಕಿ, ಕಡಿಮೆ ಅಂದ್ರೂ 40 ಸ್ಯಾಂಪಲ್.

ಪಾವಗಡ_ಟೆಕ್ನಿಷಿಯನ್:
40ರಲ್ಲಿ ಎಲ್ಲಾ ನಾರ್ಮಲ್ಲೇ ಇದ್ರೆ ಏನ್ ಉಪಯೋಗ. ಒಬ್ಬರದೇ ಇಡಿಟಿಎ (ಹೆಪ್ಪುಗಟ್ಟದಂಗೆ ತಡೆಯೋ ಕೆಮಿಕಲ್) ಹಾಕಿದ ರಕ್ತ ಸೆಂಟ್ರಿಫ್ಯೂಜ್ ಮಾಡಿ, ಅವ್ರದೇ ಪ್ಲಾಸ್ಮಾ ಕೂಡಿಸಿ ಕಳೆದು ಪಿಸಿವಿ (ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲು) 30, 45, 60 ಮಾಡ್ಕೊಳಿ. ಪಿಸಿವಿ ಏರಿದಂಗೆ ರೀಡಿಂಗ್ ಸರಸರ ಏರ್ಬೇಕು, ಏರ್ಲಿಲ್ಲ ಅಂದ್ರೆ ವಾಪಸ್ ಕಳ್ಸಿ. ರೀಡಿಂಗ್ ಒಂದೇ ತರ ಬರುತ್ತಾ ನೋಡೋಕೆ ಒಂದೇ ಟ್ಯೂಬನ್ನ ಹತ್ತು ಸಲ ಹಾಕಿ, ಪ್ರತೀ ಸಲ ನಿಧಾನಕ್ಕೆ ತಿರುಗಿಸಿ ಕಲಕಿ, ಇಲ್ಲಾಂದ್ರೆ ಕಣ ತಳ ಸೇರುತ್ತೆ.

ಆಮೇಲೆ ರಕ್ತ ತೆಗೆದು 4 ಗಂಟೆ ಒಳಗೆ ಅಳೀಬೇಕು. ಇಲ್ಲಿಂದ ಬೆಳಗ್ಗೆ ತೆಗೆದ ಟ್ಯೂಬು ಬಸ್ಸಲ್ಲಿ ಬಂದು ನಿಮ್ ಟೇಬಲ್ ಮುಟ್ಟೋ ಹೊತ್ತಿಗೆ ಮಧ್ಯಾಹ್ನ, ಅದನ್ನ ನಂಬ್ಕೊಂಡು ಮಿಷನ್ ತಗೋಬೇಡಿ.

ಕೆಂಪುಕಣ:
ಹಾಂ ಇನ್ನೊಂದು, ಸೀರಮ್ಮೂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯೋ ತಿಳಿ) ಅಳೆಯುತ್ತಾ ಕೇಳಿ. ವಾಲ್ಡೆನ್‌ಸ್ಟ್ರಾಮ್ (ಪ್ರೋಟೀನ್ ಜಾಸ್ತಿಯಾಗಿ ಸೀರಮ್ ಮಂದ ಆಗೋ ಒಂದು ರಕ್ತದ ಕ್ಯಾನ್ಸರ್) ತರದ ಕೇಸಲ್ಲಿ ಡಾಕ್ಟ್ರು ಕೇಳೋದೇ ಅದನ್ನ.

ತುಮಕೂರು_ಲ್ಯಾಬ್:
ಥ್ಯಾಂಕ್ಸ್. ಈಗಷ್ಟೇ ಫೋನ್ ಮಾಡಿ ಶಿಯರ್ ರೇಟ್ ಎಷ್ಟು ಅಂತ ಕೇಳ್ದೆ, ಇಂಜಿನಿಯರ್‌ನ ಕೇಳಿ ಹೇಳ್ತೀನಿ ಅಂದ್ರು, ಡಿಸ್ಕೌಂಟ್ ಬೇಕಾದ್ರೆ ಇವತ್ತೇ ಹೇಳ್ತಾರಂತೆ.