ಪ್ಲೇಟಿಗೆ ‘ಉಪ್ಪು ಹಿಡಿದಿದೆ’ ಎಂದರೆ ಸಾಕೇ?

ಬಳಗದವರಿಗೆ ನಮಸ್ಕಾರ. ಇನ್ವರ್ಟರ್ ಬ್ಯಾಟರಿಗೆ ಬರುವ ಒಂದು ರೋಗಕ್ಕೆ ತಕ್ಕ ಕನ್ನಡ ಮಾತು ಹುಡುಕುತ್ತಿದ್ದೇನೆ.

ಕೊಡಗಿನ ನಾಪೋಕ್ಲು ಕಡೆ ಮಳೆಗಾಲವೆಂದರೆ ಲೈನಿನ ಮೇಲೆ ಮರ ಬೀಳುವ ಕಾಲ. ಈ ಸಲ ಇನ್ವರ್ಟರ್ ಬ್ಯಾಟರಿ ಪೂರ್ತಿ ಇಳಿದಿತ್ತು. ಚಾರ್ಜ್ ಆಗುವ ಮೊದಲೇ ಮೇನ್ ಸ್ವಿಚ್ ಆರಿಸಿ ಮೈಸೂರಿಗೆ ಹೋದವರು ಮರಳಿದ್ದು ಇಪ್ಪತ್ತು ದಿನಕ್ಕೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಅರ್ಧ ಗಂಟೆಗೇ ದೀಪ ಮಂಕಾಗತೊಡಗಿತು.

ಬ್ಯಾಟರಿ ಅಂಗಡಿಯವರು ಫೋನಿನಲ್ಲೇ “ಪ್ಲೇಟಿಗೆ ಉಪ್ಪು ಹಿಡಿದಿದೆ” ಅಂದರು. ಅಣ್ಣ ಟರ್ಮಿನಲ್ ಮೇಲಿನ ಹಸಿರು ಮಿಶ್ರಿತ ಬಿಳಿ ಪುಡಿಯೇ ಆ ಉಪ್ಪು ಎಂದುಕೊಂಡು, ಬಿಸಿನೀರು ಹಾಕಿ ಹಳೇ ಬ್ರಶ್ಶಿನಲ್ಲಿ ತಿಕ್ಕಿ ತೊಳೆದ. ಟರ್ಮಿನಲ್ ಫಳಫಳ ಹೊಳೆಯಿತು, ದೀಪ ಮಾತ್ರ ಮೊದಲಿನಷ್ಟೇ ಹೊತ್ತು ಉರಿಯಿತು. ಅವನು ತೊಳೆದದ್ದು ಕಿಲುಬು. ಅಂಗಡಿಯವರು ಹೇಳಿದ್ದು ಒಳಗಿನ ಪ್ಲೇಟಿನ ಸಂಗತಿ.

ಬ್ಯಾಟರಿ ಕರೆಂಟು ಕೊಡುವಾಗ ಎರಡೂ ಬಗೆಯ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ, ಆಸಿಡ್ ತೆಳುವಾಗುತ್ತದೆ. ಚಾರ್ಜ್ ಮಾಡಿದರೆ ಎಲ್ಲ ಮೊದಲಿನಂತಾಗುತ್ತದೆ. ಇದು ರೋಗವಲ್ಲ, ದಿನದ ಕೆಲಸ. ಇಳಿದ ಬ್ಯಾಟರಿಯನ್ನು ಹಾಗೇ ಬಿಟ್ಟಾಗ ಆ ಸಣ್ಣ ಕಣಗಳು ದೊಡ್ಡ ಗಟ್ಟಿ ಹರಳುಗಳಾಗಿ ಬೆಳೆಯುತ್ತವಲ್ಲ, ಅದು ರೋಗ. ಇಂಗ್ಲಿಷಿನ ‘ಸಲ್ಫೇಶನ್’ಗೆ ‘ಸಲ್ಫೇಟೀಕರಣ’ ಎಂದು ಬರೆದರೆ ಎರಡೂ ಒಂದೇ ಆಗಿಬಿಡುತ್ತವೆ. ಸೀಸದ ಸಲ್ಫೇಟ್ ಒಂದು ಲವಣವೇ ಆದ್ದರಿಂದ ‘ಉಪ್ಪು’ ಎಂಬುದು ತಪ್ಪಲ್ಲ. ಆದರೆ ಎಲ್ಲಿಯ ಉಪ್ಪು, ಎಂಥ ಉಪ್ಪು ಎಂಬುದು ಅದರಿಂದ ತಿಳಿಯುವುದಿಲ್ಲ. ಆಸಿಡ್ ಎಷ್ಟು ಗಟ್ಟಿಯಿದೆ ಎಂದು ಅಳೆಯುವ ಹೈಡ್ರೋಮೀಟರಿನಲ್ಲಿ ರೀಡಿಂಗ್ ಕಡಿಮೆ ಬಂತೆಂದು ಹೊಸ ಆಸಿಡ್ ಸುರಿಯುವವರೂ ಇದ್ದಾರೆ. ಕಾಣೆಯಾದ ಆಸಿಡ್ ಆ ಹರಳುಗಳಲ್ಲೇ ಸಿಕ್ಕಿಕೊಂಡಿದೆ ಎಂದು ಅವರಿಗೆ ಹೇಳುವ ಮಾತು ನಮ್ಮಲ್ಲಿ ಬೇಕು.

ನನಗೆ ಹೊಳೆದದ್ದು ‘ಹರಳುಗಟ್ಟು’. ಚಳಿಗೆ ಜೇನು ಹರಳುಗಟ್ಟಿದರೆ ಬಾಟಲಿಯನ್ನು ಉಗುರುಬೆಚ್ಚನೆಯ ನೀರಿನಲ್ಲಿ ನಿಲ್ಲಿಸುತ್ತೇವೆ, ನಿಧಾನಕ್ಕೆ ಬಿಡುತ್ತದೆ. ನಮ್ಮ 150 ಆಂಪಿಯರ್-ಅವರ್ ಬ್ಯಾಟರಿಗೂ ಕೊನೆಗೆ ನಿಧಾನವೇ ಮದ್ದಾಯಿತು. ಡಿಸ್ಟಿಲ್ಡ್ ವಾಟರ್ ಹಾಕಿ, ಮುಚ್ಚಳ ಸಡಿಲಿಸಿ, ಗಾಳಿಯಾಡುವ ಜಗಲಿಯಲ್ಲಿ 5 ಆಂಪಿಯರಿನಲ್ಲಿ ಎರಡು ದಿನ ಇಟ್ಟೆವು. ಹೈಡ್ರೋಜನ್ ಹೊರಡುವುದರಿಂದ ಹತ್ತಿರ ಬೆಂಕಿ ಸುಳಿಯಬಾರದು. ಹೈಡ್ರೋಮೀಟರಿನಲ್ಲಿ 1.140 ಇದ್ದದ್ದು 1.230ಕ್ಕೆ ಏರಿತು. ಪೂರ್ತಿ ಗುಣವಾಗಿಲ್ಲ, ಆದರೆ ಈಗ ಮೂರು ಗಂಟೆ ನಿಲ್ಲುತ್ತದೆ.

ಪ್ಲೇಟಿನಿಂದ ಉದುರಿದ ಗಸಿ ತಳದಲ್ಲಿ ತುಂಬಿ ಸೆಲ್ ಶಾರ್ಟ್ ಆಗಿದ್ದರೆ ಯಾವ ಚಾರ್ಜೂ ಉಪಯೋಗಕ್ಕೆ ಬಾರದು. ‘ಸತ್ತಿದೆ’ ಎಂಬ ಮಾತನ್ನು ಅದಕ್ಕೇ ಉಳಿಸಿಕೊಳ್ಳಬೇಕು ಎನ್ನುವುದು ನನ್ನ ಅಭಿಪ್ರಾಯ. ಈಗ ಇಳಿದದ್ದು, ಹರಳುಗಟ್ಟಿದ್ದು, ಶಾರ್ಟ್ ಆದದ್ದು ಮೂರಕ್ಕೂ ಅದನ್ನೇ ಹೇಳಿ, ಉಳಿಯಬಹುದಾದ ಬ್ಯಾಟರಿಯನ್ನೂ ಗುಜರಿಗೆ ಹಾಕುತ್ತಿದ್ದೇವೆ.

ತಿಳಿದವರು ಹೇಳಿ: ‘ಹರಳುಗಟ್ಟು’ವಿನ ನಾಮರೂಪ ‘ಹರಳುಗಟ್ಟುವಿಕೆ’ ಉದ್ದವಾಯಿತೇ? ಮತ್ತೆ ಸರಿಪಡಿಸುವುದಕ್ಕೆ ‘ಪುನಶ್ಚೇತನ’ಕ್ಕಿಂತ ‘ಹರಳು ಬಿಡಿಸುವುದು’ ಆಗಬಹುದೇ? ಜೇನು ಗಟ್ಟಿಯಾಗುವುದಕ್ಕೆ ಕೊಡವ ತಕ್ಕಿನಲ್ಲಿ, ಅರೆಭಾಷೆಯಲ್ಲಿ ಬೇರೆ ಮಾತಿದ್ದರೆ ಅದನ್ನೂ ತಿಳಿಸಿ.