ಮನೆಯಲ್ಲಿ ಕನ್ನಡ ಬಿಡಬೇಡಿ, ವಾಲ್-ಓ-ಮಾಟ್ ಮುಂದೆ ಮಕ್ಕಳ ಜೊತೆ ಕೂರಿ

ಮಕ್ಕಳ ಜರ್ಮನ್ ಗಟ್ಟಿಯಾಗಲಿ ಅಂತ ಮನೆಯಲ್ಲೂ ಜರ್ಮನ್ನೇ ಮಾತಾಡಬೇಕಾ ಅಂತ ಜರ್ಮನಿಗೆ ಹೊಸದಾಗಿ ಬಂದವರು ಕೇಳುತ್ತಲೇ ಇರುತ್ತಾರೆ. ದಯವಿಟ್ಟು ಕನ್ನಡ ಬಿಡಬೇಡಿ. ಚುನಾವಣೆಗೆ ಮುಂಚೆ ಆನ್‌ಲೈನ್‌ನಲ್ಲಿ ಬರುವ ವಾಲ್-ಓ-ಮಾಟ್ ಅನ್ನುವ ಪ್ರಶ್ನಾವಳಿಯಿಂದ ನಮ್ಮ ಮನೆಯಲ್ಲಿ ಏನಾಯಿತು ಅಂತ ಹೇಳುತ್ತೇನೆ.

ನಾವಿರುವುದು ಸ್ಟುಟ್‌ಗಾರ್ಟ್ ಹತ್ತಿರ. ನಾನು ಜರ್ಮನ್ ಭಾಷೆಯ ಬಿ1 ಹಂತ ಮುಗಿಸಿ ಪೌರತ್ವ ಪರೀಕ್ಷೆಗೂ ಕೂತಿದ್ದೆ. ಅದು ನಿಮಗೆ ಗೊತ್ತಲ್ವಾ, ಪ್ರಶ್ನೆಗಳೆಲ್ಲ ಮೊದಲೇ ಆನ್‌ಲೈನ್‌ನಲ್ಲಿ ಸಿಗುತ್ತವೆ, ದೇಶಕ್ಕೆಲ್ಲ 300, ನಮ್ಮ ರಾಜ್ಯದ್ದು 10. ಪರೀಕ್ಷೆಯಲ್ಲಿ 33 ಕೇಳುತ್ತಾರೆ, 17 ಸರಿಯಾದರೆ ಪಾಸು. ದಿನಾ ರಾತ್ರಿ ಪಾತ್ರೆ ತೊಳೆದ ಮೇಲೆ ಕೂತು ಉರು ಹೊಡೆದೆ, ಪಾಸೂ ಆದೆ. ಆದರೆ ಪಕ್ಕದ ಮನೆಯ ಅಜ್ಜಿ ಬಾಡಿಗೆ ಏರಿದ್ದರ ಬಗ್ಗೆ ಮಾತು ತೆಗೆದಾಗ ನನ್ನ ಬಾಯಿಂದ ಯಾ, ಯಾ ಬಿಟ್ಟು ಇನ್ನೇನೂ ಬರಲಿಲ್ಲ. ಆ ಪರೀಕ್ಷೆಯಲ್ಲಿ ನಾಲ್ಕು ಉತ್ತರದಲ್ಲಿ ಒಂದು ಸರಿ, ಅಷ್ಟೇ. ನಿನಗೇನು ಅನ್ನಿಸುತ್ತದೆ ಅಂತ ಅಲ್ಲಿ ಯಾರೂ ಕೇಳುವುದಿಲ್ಲ.

ಅದನ್ನು ಕೇಳಿದ್ದು ವಾಲ್-ಓ-ಮಾಟ್. ಜನರಿಗೆ ರಾಜಕೀಯ ತಿಳಿಸಲಿಕ್ಕೆ ಅಂತಲೇ ಇರುವ ಇಲ್ಲಿನ ಸರ್ಕಾರಿ ಸಂಸ್ಥೆ 2002ರಿಂದ ಇದನ್ನು ನಡೆಸುತ್ತಿದೆ. ಚುನಾವಣೆಗೆ ಕೆಲವು ವಾರ ಮುಂಚೆ 38 ಪುಟ್ಟ ವಾಕ್ಯ ಬರುತ್ತವೆ. ಒಂದೊಂದಕ್ಕೂ ಒಪ್ಪುತ್ತೇನೆ, ತಟಸ್ಥ, ಒಪ್ಪುವುದಿಲ್ಲ ಅಂತ ಒತ್ತುತ್ತಾ ಹೋಗಬೇಕು. ಅದೇ ವಾಕ್ಯಗಳಿಗೆ ಪಕ್ಷಗಳೂ ಉತ್ತರ ಕೊಟ್ಟಿರುತ್ತವೆ, ಯಾಕೆ ಅಂತ ಬರೆದೂ ಇರುತ್ತವೆ. ಕೊನೆಗೆ ನೀವು ಯಾವ ಪಕ್ಷಕ್ಕೆ ಶೇಕಡಾ ಎಷ್ಟು ಹತ್ತಿರ ಅಂತ ತೋರಿಸುತ್ತದೆ. ಭಾರತದ ಪಾಸ್‌ಪೋರ್ಟ್ ಇರುವವರೂ ಮಾಡಬಹುದು, ಯಾರೂ ಏನೂ ಕೇಳುವುದಿಲ್ಲ.

2025ರ ಫೆಬ್ರವರಿ ಚುನಾವಣೆಯ ಸಮಯದಲ್ಲಿ ಮಗಳಿಗೆ 14. ಶಾಲೆಯಲ್ಲಿ ಯೂನಿಯರ್‌ವಾಲ್, ಅಂದರೆ ಮಕ್ಕಳ ಅಣಕು ಮತದಾನ ಇತ್ತು. ಅದರಲ್ಲಿ ಯಾವ ದೇಶದ ಮಗುವಾದರೂ ಮತ ಹಾಕಬಹುದು. ಅದಕ್ಕೆ ತಯಾರಾಗಲು ಅವಳು ಲ್ಯಾಪ್‌ಟಾಪ್ ತೆರೆದು ಕೂತಳು, ನಾನೂ ಪಕ್ಕದಲ್ಲಿ ಕೂತೆ.

ಹೊಸ ಬಾಡಿಗೆ ಕರಾರುಗಳ ಬಗ್ಗೆ ಒಂದು ವಾಕ್ಯ ಬಂತು. ನಾನು ಓದಿ, ಬಾಡಿಗೆಗೆ ಮಿತಿ ಹಾಕುವ ಹೊಸ ಕಾನೂನು ತರಬೇಕು ಅಂತ ಇದೆ ಅಂದೆ. ಮಗಳು ಪರದೆಯ ಮೇಲೆ ಒಂದೇ ಒಂದು ಪದದ ಮೇಲೆ ಬೆರಳಿಟ್ಟಳು. ವೈಟರ್‌ಹಿನ್. "ಅಮ್ಮಾ, ಇದನ್ನ ಬಿಟ್ಟೆ ನೀನು. ಮುಂದೆಯೂ ಅಂತ. ಈಗಾಗಲೇ ಇದೆ, ಮುಂದೆಯೂ ಇರಬೇಕಾ ಅಂತ ಕೇಳ್ತಿದ್ದಾರೆ." ಹೌದು, ಆ ಕಾನೂನು 2015ರಿಂದಲೇ ಇದೆ! ನಾನು ಬಾಡಿಗೆ ಕಟ್ಟುತ್ತಾ ಇಷ್ಟು ವರ್ಷ ಇದ್ದೇನೆ, ಅದು ಗೊತ್ತಾಗಿದ್ದು ಆ ಒಂದು ಪದದಿಂದ.

ಆಮೇಲೆ ಅವಳು ಕೇಳಿದಳು, ಮಿತಿ ಅಂದರೇನು? "ಸಿಹಿ ತಿನ್ನೋದಕ್ಕೂ ಒಂದು ಮಿತಿ ಇರಲಿ ಅಂತ ಅಜ್ಜಿ ಹೇಳ್ತಾರಲ್ಲ, ಅದೇ ಮಿತಿ" ಅಂದೆ. ಅಲ್ಲಿಯವರೆಗೆ ಅವಳ ಕನ್ನಡ ಅಂದರೆ ಊಟ ಆಯ್ತು, ನಿದ್ದೆ ಬರ್ತಿದೆ, ನಾಳೆ ಬೇಗ ಎಬ್ಬಿಸು, ಅಷ್ಟೇ. ಆ ಸಂಜೆ ತೆರಿಗೆ, ಕಾಯ್ದೆ, ಕನಿಷ್ಠ ಕೂಲಿ ಎಲ್ಲ ಬಂದವು. ಕನಿಷ್ಠ ಕೂಲಿ ಗಂಟೆಗೆ 15 ಯೂರೋ ಆಗಬೇಕು ಅನ್ನುವುದಕ್ಕೆ ಅವಳು ಒಪ್ಪಿಗೆ ಒತ್ತಿದಳು, ನಮ್ಮ ಮನೆಯವರು ತಟಸ್ಥ ಅಂದರು. "ಹಾಗಲ್ಲಪ್ಪಾ, ಪೂರ್ತಿ ಕೇಳು" ಅಂತ ಅವಳು ಅಪ್ಪನ ಜೊತೆ ಕನ್ನಡದಲ್ಲಿ ವಾದಕ್ಕೆ ಇಳಿದಾಗ ನನಗೆ ಕಣ್ಣು ತುಂಬಿ ಬಂತು. ಭಾನುವಾರ ಫೋನಿನಲ್ಲಿ ಹಾಸನದ ತಾತನಿಗೂ ಅದೇ ಪ್ರಶ್ನೆ, ನಿಮ್ಮೂರಲ್ಲಿ ಕೂಲಿ ಎಷ್ಟು ತಾತ ಅಂತ. ತಾತ ಅರ್ಧ ಗಂಟೆ ಮಾತಾಡಿದರು.

ಜರ್ಮನ್ ಕಲಿಯುತ್ತಿರುವ ದೊಡ್ಡವರಿಗೆ ಒಂದು ಮಾತು. ಈ ವಾಕ್ಯಗಳಲ್ಲಿ ಏನು ಮಾಡಬೇಕು ಅನ್ನುವುದು ಕೊನೆಗೆ ಬರುತ್ತದೆ, ನಮ್ಮ ಕನ್ನಡದ ಹಾಗೆಯೇ. ಕೊನೆಯವರೆಗೆ ಕಾಯುವುದು ನಮಗೆ ಕಷ್ಟವಲ್ಲ, ಆದರೆ ಇಂಗ್ಲಿಷಿನ ಮೂಲಕ ಓದಲು ಹೋಗಿ ನಾವೇ ಕಷ್ಟ ಮಾಡಿಕೊಳ್ಳುತ್ತೇವೆ. ಕೊನೆಯ ಪದ ನಿಧಾನವಾಗಿ ಓದಿ. ಆಬ್‌ಗೆಶಾಫ್ಟ್ ಅಂದರೆ ತೆಗೆದುಹಾಕುವುದು, ಆನ್‌ಗೆಶಾಫ್ಟ್ ಅಂದರೆ ಕೊಂಡು ತರುವುದು. ಒಂದಕ್ಷರ ತಪ್ಪಿದರೆ ಪೂರ್ತಿ ಉಲ್ಟಾ.

ಚುನಾವಣೆ ಬರಲಿ ಅಂತ ಕಾಯಬೇಕಿಲ್ಲ. ಹಳೆಯ ವಾಲ್-ಓ-ಮಾಟ್‌ಗಳು ಅದೇ ಸಂಸ್ಥೆಯ ವೆಬ್‌ಸೈಟಿನಲ್ಲಿವೆ. 2021ರದ್ದು ಶುರುವಾಗುವುದೇ ಇಲ್ಲಿನ ಹೆದ್ದಾರಿ ಆಟೋಬಾನ್‌ನಲ್ಲಿ ವೇಗದ ಮಿತಿ ಬೇಕಾ ಅನ್ನುವುದರಿಂದ, ಮಕ್ಕಳು ತಕ್ಷಣ ಬಾಯಿ ಹಾಕುತ್ತಾರೆ. ರಾತ್ರಿ ಊಟಕ್ಕೆ ಒಂದೇ ವಾಕ್ಯ ಸಾಕು. ಶೇಕಡಾ ಲೆಕ್ಕ ನೋಡುವ ಆತುರ ಬೇಡ, ಮೊದಲು ಪಕ್ಷಗಳು ಕೊಟ್ಟ ಕಾರಣ ಓದಿ. ವಾಕ್ಯ ಜರ್ಮನ್‌ನಲ್ಲಿ ಓದಲಿ, ಜಗಳ ಕನ್ನಡದಲ್ಲಿ ಆಗಲಿ.